ಅಳಿಲಿಗೆ ಅಂಜಿಕಿ ಅಂತೆ

ಇವತ್ತು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದ ಏಳು ವರ್ಷದ ಹುಡುಗನೊಬ್ಬ ಅರ್ಧ ಗಂಟೆ ಬಾಯೇ ಬಿಡಲಿಲ್ಲ. ಶಾಲೆಯಲ್ಲಿ ಏನಾಯ್ತು ಅಂತ ಕೇಳಿದರೆ ಸುಮ್ನೆ ಚಪ್ಪಲಿ ನೋಡುತ್ತಾ ಕೂತ.

ಕೊನೆಗೆ ಕಲಬುರಗಿಯ ಅಪ್ಪನ ಕೆರೆ ದಂಡೆಯ ಒಂದು ಅಳಿಲಿನ ಕಥೆ ಶುರು ಮಾಡಿದೆ, ಆಟಕ್ಕೆ ಯಾರೂ ಸೇರಿಸಿಕೊಳ್ಳದ ಅಳಿಲು. ಅರ್ಧಕ್ಕೆ ನಿಲ್ಲಿಸಿದೆ ಅಷ್ಟೇ.

"ಅದಕ್ಕ ಕೇಳ್ಲಿಕ್ಕ ಅಂಜಿಕಿ ಬರ್ತದ ರೀ ಮೇಡಂ. ಹೊಟ್ಟ್ಯಾಗ ಹೆಂಗೋ ಆಗ್ತದ."

ತನ್ನ ಭಯವನ್ನು ಅಳಿಲಿನ ತಲೆ ಮೇಲೆ ಹಾಕಿದರೆ ಮಾತು ಎಷ್ಟು ಸಲೀಸು ಅಲ್ವಾ!

ಆಮೇಲೆ ಇಬ್ಬರೂ ಸೇರಿ ಅಳಿಲಿಗೆ ಮೂರು ಸಲ ನಿಧಾನಕ್ಕೆ ಉಸಿರು ಬಿಡೋದು, ಹತ್ತಿರ ಹೋಗಿ "ನಾನೂ ಬರ್ಲಾ?" ಅಂತ ಕೇಳೋದು, ಅವರು ಬೇಡ ಅಂದರೆ ಇನ್ನೊಬ್ಬರನ್ನ ಕೇಳೋದು, ಎಲ್ಲ ಕಲಿಸಿದೆವು. ಅಳಿಲು ನಾನೇ ಆಗಿದ್ದೆ. ಎರಡು ಸಲ ತಪ್ಪು ಮಾಡಿ ಬೈಸಿಕೊಂಡೆ.

ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ, "ಅಳಿಲು ನಾಳಿ ಸಾಲಿಗಿ ಹೋಗ್ತದೇನ್ರಿ?"