ಕತ್ತಿಗೆ ರೇಡಿಯೇಷನ್ ಪಡೆದವರ ಥೈರಾಯ್ಡ್

ಬಾಯಿ, ಗಂಟಲು ಅಥವಾ ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ ರೇಡಿಯೇಷನ್ ಮುಗಿಸಿ ಮನೆಗೆ ಬಂದವರ ವಿಷಯದಲ್ಲಿ ಎಲ್ಲರ ಕಳವಳವೂ ಒಂದೇ: ಗಡ್ಡೆ ಮತ್ತೆ ಬರುತ್ತದೆಯೇ? ಅದು ಸಹಜ. ಆದರೆ ಆ ಕಿರಣಗಳು ಹಾದುಹೋದ ದಾರಿಯಲ್ಲೇ, ಕತ್ತಿನ ಮುಂಭಾಗದಲ್ಲಿ, ಥೈರಾಯ್ಡ್ ಗ್ರಂಥಿಯೂ ಇತ್ತು ಎಂಬುದು ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಮರೆತೇ ಹೋಗಿರುತ್ತದೆ. ನನ್ನ ತಾಯಿಯ ಆರೈಕೆಯಲ್ಲಿ ತಿಳಿದುಕೊಂಡ ಸಂಗತಿಗಳಲ್ಲಿ ಇನ್ನೊಬ್ಬರಿಗೆ ಹೇಳಲೇಬೇಕಾದದ್ದು ಇದು ಎಂದು ನನಗೆ ಅನಿಸಿದೆ.

ಅಮ್ಮನಿಗೆ ಆಗಿದ್ದು ಕೆನ್ನೆಯ ಒಳಪದರದ ಕ್ಯಾನ್ಸರ್. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅವರ ರೂಢಿ ಬಹಳ ಹಳೆಯದು. ಆಪರೇಷನ್ ಮಾಡಿ, ಕತ್ತಿನ ಗಂಟುಗಳನ್ನೂ (ದುಗ್ಧರಸ ಗ್ರಂಥಿಗಳನ್ನೂ) ತೆಗೆದು, ಗಾಯ ಮಾಗಿದ ಮೇಲೆ ವಾರಕ್ಕೆ ಐದು ದಿನದಂತೆ ಆರು ವಾರ ಕರೆಂಟ್, ಅಂದರೆ ರೇಡಿಯೇಷನ್, ಕೊಟ್ಟರು. ಇಂತಹ ಚಿಕಿತ್ಸೆಯಲ್ಲಿ ಒಟ್ಟು ಪ್ರಮಾಣ ಸಾಮಾನ್ಯವಾಗಿ 60ರಿಂದ 70 ಗ್ರೇ (ಕಿರಣದ ಪ್ರಮಾಣದ ಅಳತೆ) ಇರುತ್ತದೆ. ಕತ್ತಿನ ದುಗ್ಧರಸ ಗ್ರಂಥಿಗಳಿಗೂ ಕಿರಣ ತಲುಪಬೇಕಾಗಿರುವುದರಿಂದ, ಕಿರಣವನ್ನು ಗುರಿಗೆ ತಕ್ಕಂತೆ ಹೊಂದಿಸುವ ಇಂದಿನ ಯಂತ್ರಗಳಲ್ಲೂ ಥೈರಾಯ್ಡನ್ನು ಪೂರ್ತಿಯಾಗಿ ತಪ್ಪಿಸುವುದು ಕಷ್ಟ. ಗ್ರಂಥಿಯ ಸೂಕ್ಷ್ಮ ರಕ್ತನಾಳಗಳು ನಿಧಾನವಾಗಿ ಹಾಳಾಗಿ, ಹಾರ್ಮೋನು ತಯಾರಿಸುವ ಜೀವಕೋಶಗಳು ಕಡಿಮೆಯಾಗುತ್ತ ಹೋಗುತ್ತವೆ. ಈ ಪೆಟ್ಟು ಆಗಿಂದಾಗಲೇ ಗೊತ್ತಾಗುವುದಿಲ್ಲ. ಹೆಚ್ಚಿನವರಲ್ಲಿ ಮೊದಲ ಐದು ವರ್ಷಗಳೊಳಗೆ ಕಾಣಿಸಿಕೊಳ್ಳುತ್ತದೆ, ಕೆಲವರಲ್ಲಿ ಇನ್ನೂ ತಡವಾಗಿ. ಬೇರೆ ಬೇರೆ ಅಧ್ಯಯನಗಳ ಪ್ರಕಾರ, ಕತ್ತಿಗೆ ಕಿರಣ ಪಡೆದವರಲ್ಲಿ ಸುಮಾರು ಶೇ. 20ರಿಂದ 50ರಷ್ಟು ಮಂದಿಯಲ್ಲಿ ಥೈರಾಯ್ಡ್ ಹಾರ್ಮೋನಿನ ಕೊರತೆ ಉಂಟಾಗುತ್ತದೆ. ಇದನ್ನು ಅಪರೂಪದ ಅಡ್ಡಪರಿಣಾಮ ಎನ್ನಲಾಗದು.

ಹೀಗಿದ್ದರೂ ಇದು ಕಣ್ಣಿಗೆ ಬೀಳದಿರಲು ಕಾರಣವಿದೆ. ಥೈರಾಯ್ಡ್ ಕಡಿಮೆಯಾದಾಗ ಕಾಣುವ ಪ್ರತಿಯೊಂದು ಲಕ್ಷಣಕ್ಕೂ ಈ ರೋಗಿಗಳಲ್ಲಿ ಬೇರೊಂದು ಕಾರಣ ಸಿದ್ಧವಾಗಿರುತ್ತದೆ. ಸುಸ್ತು ಎಂದರೆ ಕರೆಂಟಿನ ಪರಿಣಾಮ, ಧ್ವನಿ ಗೊಗ್ಗರಾದರೆ ಗಂಟಲು ಸುಟ್ಟಿದ್ದಕ್ಕೆ, ಮುಖ ಊದಿಕೊಂಡರೆ ಕತ್ತಿನ ಗಂಟುಗಳನ್ನು ತೆಗೆದದ್ದಕ್ಕೆ, ಮಲಬದ್ಧತೆಯಾದರೆ ಬರೀ ಗಂಜಿ ಕುಡಿಯುವುದಕ್ಕೆ, ಮಾತು ಕಡಿಮೆಯಾಗಿ ಮಂಕಾದರೆ ರೋಗದ ಚಿಂತೆಗೆ. ಅಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲೂ ಸ್ವೆಟರ್ ತೊಟ್ಟು, ಫ್ಯಾನ್ ಆರಿಸಿ ಕೂರುತ್ತಿದ್ದರು. “ಮೈಯಲ್ಲಿ ಕಸುವೇ ಇಲ್ಲ ಕಣೋ” ಎನ್ನುತ್ತಿದ್ದರು. ನೋಡಲು ಬಂದ ನೆಂಟರೆಲ್ಲ ಅಷ್ಟು ದೊಡ್ಡ ಕಾಯಿಲೆಯಿಂದ ಎದ್ದವರಿಗೆ ಇದೆಲ್ಲ ಇದ್ದದ್ದೇ ಎಂದು ಸಮಾಧಾನ ಹೇಳಿ ಹೋಗುತ್ತಿದ್ದರು. ತಪಾಸಣೆಗೆ ಹೋದಾಗ ಯುವ ವೈದ್ಯೆಯೊಬ್ಬರು ಆ ಸ್ವೆಟರನ್ನು ಗಮನಿಸಿ ಟಿಎಸ್‌ಎಚ್ ಮತ್ತು ಟಿ4 (ಥೈರಾಯ್ಡ್ ತಯಾರಿಸುವ ಹಾರ್ಮೋನು) ರಕ್ತಪರೀಕ್ಷೆ ಬರೆದರು. ಟಿಎಸ್‌ಎಚ್ ಇರಬೇಕಾದ ಮಿತಿಯ ಹಲವು ಪಟ್ಟು ಏರಿತ್ತು, ಟಿ4 ಇಳಿದಿತ್ತು.

ಟಿಎಸ್‌ಎಚ್ ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಥೈರಾಯ್ಡ್ ಸೋಲುತ್ತಿದ್ದಂತೆ ಅದನ್ನು ಎಬ್ಬಿಸಲು ಪಿಟ್ಯುಟರಿ ಹೆಚ್ಚು ಹೆಚ್ಚು ಟಿಎಸ್‌ಎಚ್ ಕಳಿಸುತ್ತದೆ. ಆದ್ದರಿಂದ ಲಕ್ಷಣಗಳು ತೋರುವ ಮೊದಲೇ ರಕ್ತದಲ್ಲಿ ಅದು ಏರಿರಬಹುದು. ಒಂದು ವಿಷಯವನ್ನು ಇಲ್ಲಿ ಸೇರಿಸಬೇಕು. ಮೂಗಿನ ಹಿಂಭಾಗದ ಕ್ಯಾನ್ಸರಿಗೆ ಕಿರಣ ಪಡೆದವರಲ್ಲಿ ಪಿಟ್ಯುಟರಿಗೇ ಪೆಟ್ಟಾಗುವ ಸಾಧ್ಯತೆ ಇರುವುದರಿಂದ, ಟಿಎಸ್‌ಎಚ್ ಸರಿಯಾಗಿಯೇ ಕಂಡು ಟಿ4 ಕಡಿಮೆ ಇರಬಹುದು. ಅಂಥವರಿಗೆ ಎರಡನ್ನೂ ನೋಡಬೇಕಾಗುತ್ತದೆ.

ಚಿಕಿತ್ಸೆ ಎಂದರೆ ಕಡಿಮೆಯಾದ ಹಾರ್ಮೋನನ್ನು ತುಂಬಿಕೊಡುವ ಲಿವೋಥೈರಾಕ್ಸಿನ್ ಮಾತ್ರೆ ದಿನಕ್ಕೊಂದು, ಬಹುಮಟ್ಟಿಗೆ ಜೀವನಪೂರ್ತಿ. ಬೆಲೆ ಹೆಚ್ಚಲ್ಲ. ಕಷ್ಟವಿರುವುದು ಅದನ್ನು ತೆಗೆದುಕೊಳ್ಳುವ ಕ್ರಮದಲ್ಲಿ. ಬೆಳಗ್ಗೆ ಬರೀ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಏನನ್ನೂ ತಿನ್ನಬಾರದು. ಎದ್ದ ಕೂಡಲೇ ಕಾಫಿ ಬೇಕೆನ್ನುವ ಅಮ್ಮನಿಗೆ ಇದೇ ಎಲ್ಲಕ್ಕಿಂತ ಕಠಿಣವಾಯಿತು. ಕಾಫಿಯೂ ಮಾತ್ರೆ ಹೀರಿಕೆಯಾಗುವುದನ್ನು ತಗ್ಗಿಸುತ್ತದೆಯಾದ್ದರಿಂದ ಕಾಯಲೇಬೇಕು. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗಳಿದ್ದರೆ ನಾಲ್ಕು ಗಂಟೆಯ ಅಂತರ ಬೇಕು. ನುಂಗಲಾಗದೆ ಹೊಟ್ಟೆಯ ಕೊಳವೆಯ ಮೂಲಕ ಆಹಾರ ಪಡೆಯುವವರು ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕೊಡುವ ಬಗೆಯನ್ನೂ, ದ್ರವಾಹಾರದಿಂದ ಎಷ್ಟು ಅಂತರವಿರಬೇಕೆಂಬುದನ್ನೂ ವೈದ್ಯರಿಂದ ಕೇಳಿ ತಿಳಿಯಬೇಕು. ವಯಸ್ಸಾದವರಿಗೆ ಮತ್ತು ಹೃದಯದ ತೊಂದರೆ ಇರುವವರಿಗೆ ಸಣ್ಣ ಪ್ರಮಾಣದಿಂದ ಆರಂಭಿಸಿ, ಆರರಿಂದ ಎಂಟು ವಾರಕ್ಕೊಮ್ಮೆ ರಕ್ತ ನೋಡಿ ಏರಿಸುತ್ತಾರೆ. ಬೇಗ ಗುಣವಾಗಲೆಂದು ಮನೆಯಲ್ಲೇ ಪ್ರಮಾಣ ಹೆಚ್ಚಿಸಿಕೊಳ್ಳುವುದು ಹೃದಯಕ್ಕೆ ಅಪಾಯ.

ಅಮ್ಮನ ಚಳಿ ಮತ್ತು ಮಲಬದ್ಧತೆ ಕೆಲವು ತಿಂಗಳಲ್ಲಿ ಇಳಿದವು. ಅಕ್ಕಪಕ್ಕದವರೊಂದಿಗೆ ಮಾತು ಮರಳಿತು. ಬಾಯಿ ಒಣಗುವುದು ಮಾತ್ರ ಹಾಗೆಯೇ ಇದೆ, ಏಕೆಂದರೆ ಅದು ಜೊಲ್ಲುಗ್ರಂಥಿಗಳಿಗೆ ಆದ ಹಾನಿ. ಈ ಮಾತ್ರೆ ಅದಕ್ಕಲ್ಲ.

ಕತ್ತಿಗೆ ಕಿರಣ ಪಡೆದವರು ಆರು ತಿಂಗಳಿಂದ ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಸಿಕೊಳ್ಳಬೇಕೆಂಬುದು ವೈದ್ಯಕೀಯ ಮಾರ್ಗಸೂಚಿಗಳಲ್ಲೇ ಇದೆ. ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ರಕ್ತವನ್ನು ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲೇ ಕೊಡಬಹುದು. ತಪಾಸಣೆಯ ಚೀಟಿಯಲ್ಲಿ ಅದು ಬರೆದಿರದಿದ್ದರೆ ದಯವಿಟ್ಟು ನೀವೇ ಕೇಳಿ. ಊರಿನ ಡಾಕ್ಟರ ಬಳಿ ಸುಸ್ತೆಂದು ಹೋದಾಗಲೂ, ಎಷ್ಟೇ ವರ್ಷಗಳಾಗಿದ್ದರೂ, ಕತ್ತಿಗೆ ಕರೆಂಟ್ ಕೊಡಿಸಿದ್ದೇವೆ ಎಂಬುದನ್ನು ಮೊದಲು ತಿಳಿಸಿ.