ರಿಪೇರಿ ಮೇಜಿನ ಮೇಲೆ ಎರಡು ಲಕ್ಷದ ಗಿಟಾರ್

ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ, ಸೆಟಪ್ (ಸಲೀಸಾಗಿ ನುಡಿಸಲು ಹದ ಮಾಡುವುದು) ನನ್ನ ಕೆಲಸ. ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬರುವವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: ಅಮೆರಿಕದಲ್ಲಿ ತಯಾರಾದ ಫೆಂಡರ್‌ಗೋ ಗಿಬ್ಸನ್‌ಗೋ, ಅಂಥ ದೊಡ್ಡ ಬ್ರ್ಯಾಂಡ್‌ಗೆ ಎರಡು ಲಕ್ಷ ಸುರಿಯಬೇಕಾ? ಕಲಿಯುವವರಿಗೆ ನನ್ನ ಉತ್ತರ ಒಂದೇ. ಬೇಡ. ಮೊದಲು ಕೈಯಲ್ಲಿರುವುದನ್ನು ಸೆಟಪ್ ಮಾಡಿಸಿ.

ಹುಡುಗರು ಬಂದು "ಅಣ್ಣಾ, ಎಷ್ಟು ಪ್ರಾಕ್ಟೀಸ್ ಮಾಡಿದ್ರೂ ಎಫ್ ಕಾರ್ಡ್ ಸರಿಯಾಗಿ ಬರ್ತಿಲ್ಲ, ಬೇರೆ ಗಿಟಾರ್ ತಗೊಳ್ಳೋದಾ?" ಅನ್ನುತ್ತಾರೆ. ಎಫ್ ಕಾರ್ಡ್ ಅಂದರೆ ಹಲವು ತಂತಿಗಳನ್ನು ಒಟ್ಟಿಗೆ ಒತ್ತಿ ನುಡಿಸುವ ಒಂದು ಸ್ವರಗುಚ್ಛ. ನಾನು ಮೊದಲು ನೋಡುವುದು ನಟ್. ನೆಕ್‌ನ, ಅಂದರೆ ಗಿಟಾರ್‌ನ ಉದ್ದ ಕತ್ತಿನ, ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿ ಅದು. ನೆಕ್‌ಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. ಮೂರನೇ ಫ್ರೆಟ್ ಹತ್ತಿರ ತಂತಿ ಒತ್ತಿ ಹಿಡಿದು, ಮೊದಲನೇ ಫ್ರೆಟ್ ಮೇಲೆ ಎಷ್ಟು ಸಂದು ಇದೆ ಅಂತ ಕಣ್ಣು ಹಾಯಿಸಿ. ಕೂದಲೆಳೆಯಷ್ಟು ಇದ್ದರೆ ಸಾಕು. ಅಗ್ಗದ ಗಿಟಾರ್‌ಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಆಗ ಬೆರಳು ನೋಯುತ್ತದೆ, ತಂತಿಯನ್ನು ಒತ್ತಿದ ಕೂಡಲೇ ಅದು ಎಳೆದುಕೊಂಡು ಶ್ರುತಿ ಏರುತ್ತದೆ. ಪಾಪ, ಆ ಹುಡುಗ ತನ್ನ ಕೈಯೇ ಸರಿ ಇಲ್ಲ ಅಂದುಕೊಂಡಿರುತ್ತಾನೆ. ಸಣ್ಣ ಅರದಿಂದ ನಟ್‌ನಲ್ಲಿ ತಂತಿ ಕೂರುವ ಆರು ಕಚ್ಚುಗಳನ್ನೂ ನಿಧಾನವಾಗಿ ಉಜ್ಜಿ ಇಳಿಸಿದರೆ ಅದೇ ಗಿಟಾರ್ ಅದೇ ಕೈಗೆ ಒಲಿಯುತ್ತದೆ. ಇದು ಗೊತ್ತಿಲ್ಲದೆ ಕಲಿಕೆಯನ್ನೇ ಬಿಟ್ಟವರಿದ್ದಾರೆ. ನನಗೆ ಹೊಟ್ಟೆ ಉರಿಯುವುದು ಅಲ್ಲಿ.

ಇನ್ನು ಫ್ರೆಟ್‌ಗಳು. ತಂತಿ ಬಿಚ್ಚಿ, ನೆಕ್ ಒಳಗಿರುವ ಲೋಹದ ಸಲಾಕೆ, ಅಂದರೆ ಟ್ರಸ್ ರಾಡ್, ತಿರುಗಿಸಿ ನೆಕ್ ನೇರ ಮಾಡಿಕೊಳ್ಳುತ್ತೇನೆ. ಪ್ರತಿ ಫ್ರೆಟ್‌ನ ನೆತ್ತಿಗೆ ಮಾರ್ಕರ್ ಬಳಿಯುತ್ತೇನೆ. ಮೇಲೆ ಚಪ್ಪಟೆ ಉಜ್ಜುಪಟ್ಟಿ ಎಳೆದರೆ ಎತ್ತರದ ಫ್ರೆಟ್‌ಗಳ ಬಣ್ಣ ಹೋಗುತ್ತದೆ, ತಗ್ಗಿನವುಗಳ ಬಣ್ಣ ಹಾಗೇ ಉಳಿಯುತ್ತದೆ. ಎಲ್ಲದರ ಬಣ್ಣವೂ ಸಮನಾಗಿ ಹೋಗುವವರೆಗೆ ಉಜ್ಜಿ, ಮತ್ತೆ ಒಂದೊಂದನ್ನೇ ದುಂಡಗೆ ಮಾಡಿ, ಹೊಳಪು ಕೊಡಬೇಕು. ಅರ್ಧ ದಿನ ಹಿಡಿಯುತ್ತದೆ. ಇಪ್ಪತ್ತು ಸಾವಿರದ ಗಿಟಾರ್ ಮೇಲೆ ಯಾವ ಕಾರ್ಖಾನೆಯಲ್ಲೂ ಯಾರೂ ಅಷ್ಟು ಹೊತ್ತು ಕೂರುವುದಿಲ್ಲ. ದುಬಾರಿ ಗಿಟಾರ್‌ಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲು ಈ ಕೈಕೆಲಸಕ್ಕೇ ಹೋಗುತ್ತದೆ. ಆ ಪಾಲು ನ್ಯಾಯವಾದದ್ದೇ. ಆದರೆ ಅದನ್ನು ಇಲ್ಲೇ, ತುಂಬಾ ಕಡಿಮೆ ಖರ್ಚಿನಲ್ಲಿ ಮಾಡಿಸಿಕೊಳ್ಳಬಹುದು.

ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್‌ಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮನುಷ್ಯ. 1950ರಲ್ಲಿ ಅವನು ಮಾರುಕಟ್ಟೆಗೆ ತಂದ ಗಿಟಾರ್ ಎಂದರೆ ಒಂದು ಚಪ್ಪಟೆ ಹಲಗೆ, ನಾಲ್ಕು ಸ್ಕ್ರೂ ಹಾಕಿ ಕೂರಿಸಿದ ನೆಕ್. ಕೆಟ್ಟರೆ ಬಿಚ್ಚಿ ಬದಲಾಯಿಸಬಹುದು. ಅವನ 1954ರ ಸ್ಟ್ರಾಟೋಕಾಸ್ಟರ್ ಗಿಟಾರ್ ಕೂಡ ಹಾಗೇ. ಬೇಗ ಬೇಗ ತಯಾರಿಸಲೆಂದೇ ರೂಪಿಸಿದ ಗಿಟಾರ್ ಇದು. ಹಾಗಾಗಿಯೇ ಫೆಂಡರ್‌ನ ಅಗ್ಗದ ಬ್ರ್ಯಾಂಡ್ ಸ್ಕ್ವೈಯರ್ ಇಂಡೋನೇಷ್ಯಾದಲ್ಲಿ ತಯಾರಾಗಿಯೂ ಅಮೆರಿಕದ ಗಿಟಾರ್‌ಗೆ ಅಷ್ಟು ಹತ್ತಿರ ಬರುತ್ತದೆ. ಗಿಬ್ಸನ್‌ನ ಲೆಸ್ ಪಾಲ್ ಮಾದರಿಯ ಕಥೆ ಬೇರೆ. ಕೆತ್ತಿದ ಮೇಪಲ್ ಮೇಲ್ಭಾಗ, ಗೋಂದು ಹಾಕಿ ಕೂಡಿಸಿದ ನೆಕ್, ಅಂಚಿಗೆಲ್ಲ ಬೈಂಡಿಂಗ್ ಎಂಬ ತೆಳು ಪಟ್ಟಿ. ಅಲ್ಲಿ ಕೆಲಸ ನಿಜಕ್ಕೂ ಜಾಸ್ತಿ.

ಮರದ ಬಗ್ಗೆಯೂ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಇಂಡಿಯನ್ ರೋಸ್‌ವುಡ್ ಎಂದು ಕ್ಯಾಟಲಾಗ್‌ನಲ್ಲಿ ಬರೆದಿರುವುದು ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಬೀಟೆ ಮರ. 2017ರಲ್ಲಿ ಈ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿಯ ನಿಯಮ ಬಂತು. ಹಾಗಾಗಿ ಫೆಂಡರ್ ಮೆಕ್ಸಿಕೋದಲ್ಲಿ ತಯಾರಿಸುವ ತನ್ನ ಗಿಟಾರ್‌ಗಳಲ್ಲಿ ಬೆರಳು ಒತ್ತುವ ಹಲಗೆಗೆ ಪಾವ್ ಫೆರೊ ಎಂಬ ಬೇರೆ ಮರ ಹಾಕಿತು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರಲ್ಲಿ ಈ ನಿಯಮದಿಂದ ವಿನಾಯಿತಿ ಸಿಕ್ಕಿತು. ಆ ಹೊತ್ತಿನಲ್ಲಿ ತಯಾರಾದ ಗಿಟಾರ್ ಅಂದರೆ "ಸೌಂಡ್ ಕಮ್ಮಿ ಅಲ್ವಾ?" ಎಂದು ಈಗಲೂ ಕೇಳುವವರಿದ್ದಾರೆ. ಆಂಪ್‌ಗೆ (ಆಂಪ್ಲಿಫೈಯರ್‌ಗೆ) ಹಾಕಿ ನುಡಿಸಿದಾಗ ನನ್ನ ಕಿವಿಗೆ ವ್ಯತ್ಯಾಸ ಸಿಕ್ಕಿಲ್ಲ. ತಂತಿಯ ಕಂಪನವನ್ನು ಹಿಡಿದು ಆಂಪ್‌ಗೆ ಕಳಿಸುವ ಪಿಕಪ್ ಬದಲಾಯಿಸಿದರೆ ಮಾತ್ರ ಥಟ್ಟನೆ ಗೊತ್ತಾಗುತ್ತದೆ. ಪಿಕಪ್‌ನ ಎತ್ತರವನ್ನು ಸ್ಕ್ರೂಡ್ರೈವರ್‌ನಿಂದ ಸ್ವಲ್ಪ ಇಳಿಸಿದರೂ ಗೊತ್ತಾಗುತ್ತದೆ.

ವಾರವಾರ ಸ್ಟೇಜ್ ಹತ್ತುವವರಿಗೆ ನನ್ನ ಸಲಹೆ ಬೇರೆ. ಒಳ್ಳೆಯ ಟ್ಯೂನರ್ (ತಂತಿ ಬಿಗಿಯುವ ಕೀಲಿ), ಗಟ್ಟಿ ಸ್ವಿಚ್, ಕರಕರ ಅನ್ನದ ವಾಲ್ಯೂಮ್ ನಾಬ್ ಇವೆಲ್ಲ ಅವರಿಗೆ ಅನ್ನ ಕೊಡುವ ಸಾಮಾನು. ಮಾರುವಾಗಲೂ ದೊಡ್ಡ ಹೆಸರಿಗೆ ಬೆಲೆ ಸಿಗುತ್ತದೆ. ಆದರೆ ಅವರಿಗೂ ಮೆಕ್ಸಿಕೋ ಫೆಂಡರ್ ಅಥವಾ ಇಂಡೋನೇಷ್ಯಾದಲ್ಲಿ ತಯಾರಾಗುವ, ಪಿಆರ್‌ಎಸ್ ಕಂಪನಿಯ ಅಗ್ಗದ ಸಾಲು ಎಸ್‌ಇ ದಾಟಿ ಹೋಗಲೇಬೇಕು ಅಂತ ನಾನು ಹೇಳುವುದಿಲ್ಲ. ಅದರ ಮೇಲೆ ಕೊಡುವ ಪ್ರತಿ ಸಾವಿರಕ್ಕೂ ಸಿಗುವುದು ಕಡಿಮೆಯಾಗುತ್ತಾ ಹೋಗುತ್ತದೆ. ಕಲಿಯುವವರ ಕೈಯಲ್ಲಿ ಐವತ್ತು ಸಾವಿರ ಇದ್ದರೆ ಯಮಾಹಾ ಪೆಸಿಫಿಕಾದಂಥ ಗಿಟಾರ್, ಮರ್ಯಾದೆಯ ಒಂದು ಆಂಪ್, ಒಂದು ಸರಿಯಾದ ಸೆಟಪ್. ಅಷ್ಟೇ.

ದುಡ್ಡಿದೆ, ಲೆಸ್ ಪಾಲ್ ಮೇಲೆ ಮನಸ್ಸಿದೆ ಅಂದರೆ ಖಂಡಿತ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಮಾತ್ರ ದುಡ್ಡು ಕೊಡುವ ಮೊದಲು ಟಾರ್ಚ್ ಹಿಡಿದು ನಟ್‌ನ ಹಿಂಬದಿಯನ್ನು ನೋಡಿ. ಹೆಡ್‌ಸ್ಟಾಕ್, ಅಂದರೆ ಕೀಲಿಗಳಿರುವ ತಲೆಭಾಗ, ಹಿಂದಕ್ಕೆ ಬಾಗಿರುವುದರಿಂದ ಕೆಳಗೆ ಬಿದ್ದಾಗ ಮುರಿಯುವುದು ಅಲ್ಲೇ. ಅಂಟಿಸಿ ಬಣ್ಣ ಹೊಡೆದಿದ್ದರೆ ಸಣ್ಣ ಗೆರೆ ಉಗುರಿಗೆ ತಾಗುತ್ತದೆ.