ಅಜುಮಿನೊಗೆ ಹೋಗುವವರೇ, ಎಲೆಕ್ಟ್ರಿಕ್ ಸೈಕಲ್ಲೇ ತಗೊಳ್ಳಿ

ಟೋಕಿಯೊದ ಶಿಂಜುಕುವಿನಿಂದ ಮಾತ್ಸುಮೊತೊಗೆ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಅಲ್ಲಿಂದ ಓಯಿತೊ ಮಾರ್ಗದ ಪುಟ್ಟ ರೈಲು ಅರ್ಧ ಗಂಟೆಯಲ್ಲಿ ಅಜುಮಿನೊ ಬಯಲಿನ ಹೊತಾಕಾ ಸ್ಟೇಷನ್ನಿಗೆ ತಲುಪಿಸುತ್ತದೆ. ಜಾಸ್ತಿ ಜನ ವಸಾಬಿ ಅನ್ನುವ ಖಾರದ ಗಿಡದ ತೋಟ ನೋಡಿ ವಾಪಸ್ ಹೊರಡುತ್ತಾರೆ. ನೀವು ಒಂದಿಡೀ ದಿನ ಇಟ್ಟುಕೊಳ್ಳಿ. ಸ್ಟೇಷನ್ ಹತ್ತಿರವೇ ಬಾಡಿಗೆ ಸೈಕಲ್ ಸಿಗುತ್ತವೆ. ದುಡ್ಡು ಉಳಿಸೋಣ ಅಂತ ನಾನು ಮಾಮೂಲಿ ಸೈಕಲ್ ತಗೊಂಡೆ. ಬಯಲು ಚಪ್ಪಟೆ ಕಾಣುತ್ತದೆ, ಬೆಟ್ಟದ ಕಡೆ ತಿರುಗಿದರೆ ಬರೀ ಏರು!

ಹಳೇ ಕಾಲದ ಜಪಾನಿ ಹಳ್ಳಿಯವರ ಲೆಕ್ಕದಲ್ಲಿ ಊರೆಂದರೆ ಮೂರು ಸುತ್ತು. ನಡುವೆ ಮನೆಗಳ ‘ಮುರ’, ಸುತ್ತ ಗದ್ದೆಗಳ ‘ನೊರ’, ಅದರಾಚೆ ‘ಯಾಮ’, ಅಂದರೆ ಬೆಟ್ಟ. ಸೌದೆ, ಗದ್ದೆಗೆ ಹಾಕುವ ಸೊಪ್ಪು, ಹುಲ್ಲು ಎಲ್ಲ ಬೆಟ್ಟದಿಂದಲೇ ಬರಬೇಕು. ಹಕ್ಕು ಊರೊಟ್ಟಿನದು. ಮಲೆನಾಡಿನವರಿಗೆ ಸೊಪ್ಪಿನ ಬೆಟ್ಟ ನೆನಪಾಗುತ್ತದೆ, ಅಲ್ವಾ? ದೇವರೂ ಓಡಾಡುತ್ತಿದ್ದ. ವಸಂತದಲ್ಲಿ ಬೆಟ್ಟದಿಂದಿಳಿದು ಗದ್ದೆ ಕಾಯುತ್ತಾನೆ, ಕೊಯ್ಲು ಮುಗಿದ ಮೇಲೆ ಹತ್ತಿ ಹೋಗುತ್ತಾನೆ ಅನ್ನುವುದು ಎಷ್ಟೋ ಕಡೆಯ ನಂಬಿಕೆ.

ಈ ಲೆಕ್ಕ ಕಣ್ಣಿಗೆ ಕಾಣುವುದು ಊರಂಚಿನಲ್ಲಿ, ದಾರಿ ಕೂಡುವಲ್ಲಿ. ಅಲ್ಲಿ ದೋಸೊಜಿನ್ ಅನ್ನುವ ಗಡಿದೇವರ ಕಲ್ಲುಗಳಿವೆ, ಅಜುಮಿನೊದಲ್ಲೇ ಸುಮಾರು 400. ಕೈ ಹಿಡಿದು ನಿಂತ ಗಂಡ ಹೆಂಡತಿ. ರೋಗ ರುಜಿನ ಒಳಗೆ ಬರದಂತೆ ಕಾಯುವವರು. ಒಳ್ಳೇ ಕಲ್ಲನ್ನು ಪಕ್ಕದೂರಿನವರು ಕದ್ದು, ಮದುವೆ ಮಾಡಿ ಕರ್ಕೊಂಡು ಬಂದೆವು ಅನ್ನುತ್ತಿದ್ದರಂತೆ! ಅದಕ್ಕೇ ಕೆಲವು ಕಲ್ಲುಗಳ ಮೇಲೆ ತೆರದ ಮೊತ್ತವನ್ನೂ ಕೆತ್ತಿದ್ದಾರೆ. ಸ್ಟೇಷನ್ ಎದುರಿನ ಮಾಹಿತಿ ಕೇಂದ್ರದಲ್ಲಿ ಮ್ಯಾಪ್ ಕೇಳಿ.

ಆಮೇಲೆ ಜಿಕ್ಕಾಸೆಗಿ ಕಾಲುವೆಯ ಪಕ್ಕ ಹೋಗಿ. ಇಲ್ಲಿ ಏರಿಲ್ಲ, ಕಾಲಿಗೆ ವಿಶ್ರಾಂತಿ. 1816ರಲ್ಲಿ ಹತ್ತು ಹಳ್ಳಿಗಳಿಗಾಗಿ ತೋಡಿದ್ದು, ಉದ್ದ ಸುಮಾರು 15 ಕಿಲೋಮೀಟರ್. ಈ ನೆಲದಲ್ಲಿ ಹೊಳೆ ನೀರು ಜಲ್ಲಿಯೊಳಗೆ ಇಂಗಿಬಿಡುತ್ತದೆ. ಹಾಗಾಗಿ ನಡುವಿನ ಊರುಗಳಿಗೆ ನೀರಿರಲಿಲ್ಲ. ಇಂಗಿದ್ದು ತಗ್ಗಿನಲ್ಲಿ ಬುಗ್ಗೆಯಾಗಿ ಎದ್ದು ವಸಾಬಿ ಬೆಳೆಸುತ್ತದೆ. ಕಾಲುವೆಯನ್ನು ಸುಮಾರು 570 ಮೀಟರ್ ಎತ್ತರದಲ್ಲೇ, ಇಳಿಜಾರು ಗೊತ್ತೇ ಆಗದಂತೆ ತಂದಿದ್ದಾರೆ.

ಮೇ ತಿಂಗಳಲ್ಲಿ ಹೋದರೆ ನಾಟಿಗೆ ನೀರು ನಿಲ್ಲಿಸಿದ ಗದ್ದೆಗಳಲ್ಲಿ ಬೆಟ್ಟ ಕಾಣುತ್ತದೆ. ವಸಂತದಲ್ಲಿ ಹಿಮ ಕರಗಿದ ಕಡೆ ಬಂಡೆ ಕಪ್ಪಗೆ ಎದ್ದು, ಸಾಕೆ ಮದ್ಯದ ಹೂಜಿ ಹಿಡಿದ ಸನ್ಯಾಸಿಯ ಆಕಾರ ಮೂಡುತ್ತದೆ. ರೈತರಿಗೆ ಅದೇ ಪಂಚಾಂಗ. ನನಗೆ ಅದು ಕಂಡಿದ್ದು ಮೂರನೇ ಸಲ ಕಣ್ಣು ಕಿರಿದು ಮಾಡಿದಾಗ.

ಬದುವಿನ ಮೇಲೆ ಕಾಲಿಡಬೇಡಿ. ಸಸ್ಯಾಹಾರಿಗಳು ಬುತ್ತಿ ಒಯ್ಯಿರಿ, ಸೊಬಾ ನೂಡಲ್ಸಿನ ಸಾರಿನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ವಾಪಸ್ ರೈಲು ಹೆಚ್ಚೂ ಕಡಿಮೆ ಗಂಟೆಗೊಂದು. ನಾನು ಎರಡು ನಿಮಿಷ ತಡವಾಗಿ ಬಂದು ಮುಂದಿನದಕ್ಕೆ ಕಾದು ಕೂತೆ.